ಎಡಗೈಯವರ ಕೋಟು

ಮಂಗಳವಾರ, ಬೆಳಿಗ್ಗೆ
ಅಂಗಡಿಯಿಂದ

ನನ್ನ ಬಾಲಂಗೋಚಿಗೆ,

ಅಮ್ಮನಿಂದ ಕಾಗದವೇ ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ಮಾತಾಡಿದರೆ ನೀನು ನಡುವೆ ಬಾಯಿ ಹಾಕುತ್ತೀಯ. ಮಾತನ್ನು ರೆಕಾರ್ಡ್ ಮಾಡಿ ಕಳಿಸಿದರೆ ಎರಡು ಪಟ್ಟು ವೇಗದಲ್ಲಿ ಕೇಳುತ್ತೀಯ. ನನ್ನ ಸಿಟ್ಟೆಲ್ಲ ಗುಬ್ಬಿಯ ಚಿಲಿಪಿಲಿಯಾಗಿಬಿಡುತ್ತದೆ. ಕಾಗದವನ್ನಾದರೆ ನಿಧಾನವಾಗಿ ಓದಲೇಬೇಕು. ಅಳಿಯಂದಿರೂ ಓದಲಿ, ಅಡ್ಡಿಯಿಲ್ಲ.

ವಿಷಯ ಒಂದೇ. ಈ ತಿಂಗಳ ಕೊನೆಗೆ ಅಂಗಡಿ ಮುಚ್ಚಿ, ಮೆಷಿನ್ನನ್ನು ಯಾರಿಗಾದರೂ ಕೊಟ್ಟು, ನಿಮ್ಮ ಮನೆಗೆ ಬಂದಿರಬೇಕೆಂದು ನೀನು ಹೇಳಿದೆ. ಸಾಮಾನು ಸಾಗಿಸಲು ಗಾಡಿಯನ್ನೂ ಗೊತ್ತುಮಾಡಿದ್ದೀಯಂತೆ. ಗಾಡಿಯವನಿಗೆ ಬೇಡ ಎಂದು ಹೇಳು. ನಾನು ಬರುವುದಿಲ್ಲ, ಅಂಗಡಿಯನ್ನೂ ಮುಚ್ಚುವುದಿಲ್ಲ.

ಮೇಷ್ಟರ ಕೋಟಿನ ಕಥೆ ನಿನ್ನ ಚಿಕ್ಕಮ್ಮನ ಬಾಯಿಂದ ನಿನಗೆ ತಲುಪಿದೆ. ಅವಳು ಕಡ್ಡಿಯನ್ನು ಗುಡ್ಡ ಮಾಡುವವಳು. ಆದರೆ ಈ ಸಲ ಗುಡ್ಡ ನಿಜವಾಗಿಯೂ ಇತ್ತು, ಅದಕ್ಕೆ ನಾನೇ ಹೇಳುತ್ತೇನೆ.

ಪಕ್ಕದ ಬೀದಿಯ ಗಣಿತದ ಮೇಷ್ಟರು ತಮ್ಮ ನಿವೃತ್ತಿಯ ಸಮಾರಂಭಕ್ಕೆ ಕೋಟು ಹೊಲಿಸಲು ಬಂದಿದ್ದರು. ಹಳೆಯ ಕೋಟು ತೊಟ್ಟು, ತಮ್ಮ ಫೋಟೋವನ್ನು ತಾವೇ ತೆಗೆದು ನನಗೆ ಕಳಿಸಿ, ಥೇಟ್ ಹೀಗೇ ಇರಬೇಕು, ಒಂದು ನೂಲೂ ಆಚೀಚೆ ಆಗಬಾರದು ಎಂದರು. ಹಾಗೆ ತಾವೇ ತೆಗೆದುಕೊಂಡ ಫೋಟೋ ಕೆಲವು ಫೋನಿನಲ್ಲಿ ಕನ್ನಡಿಯ ಹಾಗೆ ಎಡಬಲ ಅದಲುಬದಲಾಗಿರುತ್ತದೆ ಎಂಬುದು ಅವರಿಗೂ ತಿಳಿಯದು, ನನಗೂ ತಿಳಿಯದು. ನಾನು ಅದನ್ನು ದೊಡ್ಡದು ಮಾಡಿ, ನೋಡಿ ನೋಡಿ ಕತ್ತರಿಸಿದೆ. ಎಡ ಎದೆಯ ಮೇಲಿರಬೇಕಾದ ಜೇಬು ಬಲಕ್ಕೆ ಹೋಯಿತು. ಗುಂಡಿ ಎಡಕ್ಕೆ ಬಂತು, ಅದು ತೂರುವ ಕಾಜಾ ಬಲಕ್ಕೆ.

ಮೂವತ್ತೊಂದು ವರ್ಷ ಹೊಲಿದವಳಿಗೆ ಗಂಡಸರ ಕೋಟಿನ ಗುಂಡಿ ಯಾವ ಕಡೆ ಎಂದು ಗೊತ್ತಿರಲಿಲ್ಲವೇ ಎಂದು ನೀನು ಕೇಳಿದೆ. ಗೊತ್ತಿತ್ತು. ಕಾಜಾ ಕತ್ತರಿಸುವಾಗ ಕೈ ಎರಡು ಸಲ ತಡೆಯಿತು. ಆದರೆ ಈಚೆಗೆ ಕಣ್ಣು ಸ್ವಲ್ಪ ಮಂಜಾದ ಮೇಲೆ ನಾನು ಕೈಗಿಂತ ಫೋನನ್ನೇ ಹೆಚ್ಚು ನಂಬತೊಡಗಿದ್ದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗಾಯಿತು ನನ್ನ ಬುದ್ಧಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಫೋನನ್ನು ದೂರುವುದಿಲ್ಲ. ತಪ್ಪು ನನ್ನದೇ.

ಮೇಷ್ಟರು ಸಮಾರಂಭಕ್ಕೆ ಹಳೆಯ ಕೋಟನ್ನೇ ತೊಟ್ಟು ಹೋದರು. ಬೈಯಲಿಲ್ಲ. ವಯಸ್ಸಾಯ್ತಲ್ಲಮ್ಮ, ಇನ್ನು ಆರಾಮಾಗಿರಿ ಎಂದು ಮೆತ್ತಗೆ ಹೇಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ಮೆತ್ತನೆಯ ಮಾತು ಚುಚ್ಚಿತು. ಮನೆಗೆ ಬಂದು ಅತ್ತೆ. ಅದೇ ಸಂಜೆ ನೀನೂ ಫೋನ್ ಮಾಡಿ ಅದೇ ಮಾತು ಹೇಳಿದೆ. ಅದಕ್ಕೇ ಹ್ಞೂಂ ಎಂದುಬಿಟ್ಟೆ. ಆ ಹ್ಞೂಂ ಅನ್ನು ಈಗ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ.

ಮರುದಿನ ಎದುರಿನ ಕ್ಷೌರದಂಗಡಿಯವನು ತನ್ನ ಏಪ್ರನ್ನಿಗೆ ಜೇಬು ಹಾಕಿಸಲು ಬಂದ. ಅವನು ಎಡಚ. ಚಿಕ್ಕವಳಿದ್ದಾಗ ಅವನ ಕುರ್ಚಿಯಲ್ಲಿ ಕೂತು ನೀನು ಪ್ರತಿ ಸಲವೂ ತಲೆಯನ್ನು ತಪ್ಪು ಕಡೆಗೇ ವಾಲಿಸುತ್ತಿದ್ದೆ. ಗೂಟದಲ್ಲಿ ನೇತಾಡುತ್ತಿದ್ದ ಆ ಕೋಟನ್ನು ಸುಮ್ಮನೆ ತಮಾಷೆಗೆಂದು ತೊಟ್ಟ. ಎಡಗೈಯಿಂದ ಗುಂಡಿ ಹಾಕಿದ, ಬಿಚ್ಚಿದ, ಮತ್ತೆ ಹಾಕಿದ. ಬಲಗಡೆಯ ಜೇಬಿಗೆ ಬಾಚಣಿಗೆ ಇಟ್ಟು ಎಡಗೈಯಿಂದ ತೆಗೆದ. ಅಕ್ಕಾ, ಇಷ್ಟು ವರ್ಷಕ್ಕೆ ಮೊದಲನೇ ಸಲ ಗುಂಡಿ ನನ್ನ ಮಾತು ಕೇಳ್ತಾ ಇದೆ ಅಂದ. ತೋಳು ಎರಡು ಬೆರಳು ಉದ್ದವಿತ್ತು, ಆದರೂ ಬಿಚ್ಚಿಕೊಡಲು ಒಪ್ಪಲಿಲ್ಲ.

ಎಡಚರದ್ದೇ ಒಂದು ಗುಂಪು ಇದೆಯಂತೆ ಫೋನಿನಲ್ಲಿ. ಲೋಕದ ಕತ್ತರಿ, ಬಾಗಿಲ ಚಿಲಕ, ಕೊನೆಗೆ ಸೌಟನ್ನೂ ಬಿಡದೆ ಬೈಯುವುದು ಆ ಗುಂಪಿನ ಕೆಲಸ. ಇವನು ಕೋಟು ತೊಡುವ ವಿಡಿಯೋ ಮಾಡಿ ಅಲ್ಲಿ ಹಾಕಿದ. ಸಂಜೆಯೊಳಗೆ ನನ್ನ ಫೋನು ಟಿಣ್ ಟಿಣ್ ಎಂದು ಪ್ರಾಣ ತಿಂದಿತು. ಇವತ್ತಿಗೆ ಹನ್ನೊಂದು ಜನ ಕೋಟು ಕೇಳಿದ್ದಾರೆ. ಒಬ್ಬಳು ಹೋಟೆಲಿನಲ್ಲಿ ಅಡುಗೆ ಮಾಡುವವಳು. ಒಬ್ಬರು ಮುದುಕರು, ಹುಟ್ಟು ಎಡಚರಲ್ಲ. ಬಲಗೈ ಸ್ವಾಧೀನ ತಪ್ಪಿದ ಮೇಲೆ ದಿನಾ ಬೆಳಿಗ್ಗೆ ಗುಂಡಿ ಹಾಕಿಸಿಕೊಳ್ಳಲು ಸೊಸೆಯ ಮುಂದೆ ನಿಲ್ಲಬೇಕಂತೆ. ಅವರ ಕೋಟನ್ನು ನಾನು ಮೊದಲು ಮುಗಿಸುತ್ತೇನೆ.

ಈಗ ನಾನು ಬರೀ ಫೋಟೋ ಒಪ್ಪುವುದಿಲ್ಲ. ಎಡ ಮಣಿಕಟ್ಟಿಗೆ ಕೆಂಪು ದಾರ ಕಟ್ಟಿಕೊಂಡು, ಹಳೆಯ ಬಟ್ಟೆ ತೊಡುವ ವಿಡಿಯೋ ಕಳಿಸಿ ಎನ್ನುತ್ತೇನೆ. ದಾರ ಎಲ್ಲಿದೆಯೋ ಅದೇ ಎಡಗೈ, ಫೋನು ಏನೇ ತೋರಿಸಲಿ. ವಿಡಿಯೋವನ್ನು ನಿಧಾನಕ್ಕೆ ಓಡಿಸಿ ಕೈ ಎಲ್ಲಿ ತಡವರಿಸುತ್ತದೆ ಎಂದು ನೋಡುತ್ತೇನೆ. ತಡವರಿಸುವ ಜಾಗದಲ್ಲೇ ಜೇಬು ಬದಲಾಗಬೇಕು. ಅಳತೆಯನ್ನು ಪುಸ್ತಕದಲ್ಲಿ ಬರೆಯುವುದನ್ನು ಬಿಟ್ಟಿದ್ದೇನೆ. ಎದೆ ನಲವತ್ತು, ಭುಜ ಹದಿನೇಳೂವರೆ ಎಂದು ಫೋನಿಗೆ ಗಟ್ಟಿಯಾಗಿ ಹೇಳಿ, ಬಟ್ಟೆ ಕತ್ತರಿಸುವಾಗ ಕೇಳಿಸಿಕೊಳ್ಳುತ್ತೇನೆ. ಮೆಷಿನ್ನಿನ ಮೇಲೆ ಸ್ಟ್ಯಾಂಡಿಗೆ ಫೋನು ಸಿಕ್ಕಿಸಿದರೆ ಸೂಜಿಯ ಕಣ್ಣು ಬಳೆಯಷ್ಟು ದೊಡ್ಡದಾಗಿ ಕಾಣುತ್ತದೆ. ಕೈ ತಡೆದರೆ ಮಾತ್ರ ಈಗ ನಿಲ್ಲುತ್ತೇನೆ, ಫೋನು ಎಷ್ಟೇ ಮುಂದೆ ಹೋಗು ಎಂದರೂ.

ಮೇಷ್ಟರಿಗೆ ಎರಡನೇ ಕೋಟು ಹೊಲಿದು ನಾನೇ ಹೋಗಿ ಕೊಟ್ಟು ಬಂದೆ. ತಪ್ಪಾಯಿತು ಎಂದೆ. ಆರಾಮಾಗಿರುವ ವಿಚಾರ ಸದ್ಯಕ್ಕಿಲ್ಲ ಎಂದೂ ಹೇಳಿದೆ. ನಕ್ಕರು.

ನಿನ್ನ ಮಾತನ್ನು ಪೂರ್ತಿ ತೆಗೆದುಹಾಕಿಲ್ಲ, ಸಿಟ್ಟಾಗಬೇಡ. ಸಂಜೆ ಬೆಳಕು ಕಡಿಮೆಯಾಗುತ್ತಲೇ ಮೆಷಿನ್ ಮುಚ್ಚುತ್ತೇನೆ. ಹೊಲಿಗೆ ಕಾಣದ ಕಪ್ಪು ಬಟ್ಟೆ ಮುಟ್ಟುವುದಿಲ್ಲ. ಭಾನುವಾರ ನಿಮ್ಮ ಮನೆಗೆ ಬಂದು ಊಟ ಮಾಡಿ, ನಿನ್ನ ಅಡುಗೆಯನ್ನು ಹೊಗಳಿ, ಸೋಮವಾರ ಬೆಳಿಗ್ಗೆ ಅಂಗಡಿಗೆ ವಾಪಸಾಗುತ್ತೇನೆ. ನಿನಗೆ ನನ್ನ ಮೇಲೆ ಪ್ರೀತಿ ಇದೆ, ಅದಕ್ಕೇ ಹೆದರುತ್ತೀಯ, ಗೊತ್ತು. ನನಗೂ ಹೆದರಿಕೆ ಇದೆ. ಆದರೆ ನಿಮ್ಮ ಮನೆಯ ಸೋಫಾದ ಮೇಲೆ ಕೈಕಟ್ಟಿ ಕೂತರೆ ನಾನು ಆರು ತಿಂಗಳೂ ಬಾಳುವವಳಲ್ಲ. ನನ್ನನ್ನು ದುಡಿಯುವವಳಾಗಿಯೇ ಇರಲು ಬಿಡು, ಮಗಳೇ.

ಇಂತಿ,
ಮಾತು ತಪ್ಪಿದ್ದಕ್ಕೆ ನಾಚಿಕೆಪಡದ
ನಿನ್ನ ಅಮ್ಮ

ಇನ್ನೊಂದು ಮಾತು. ಮರೆತದ್ದಲ್ಲ, ಧೈರ್ಯ ಸಾಲದೆ ಉಳಿಸಿಕೊಂಡದ್ದು. ಕಣ್ಣು ಸ್ವಲ್ಪ ಮಂಜು ಎಂದು ಬರೆದೆನಲ್ಲ, ಅದು ಸುಳ್ಳು. ಬಲಗಣ್ಣು ಕಾಣಿಸದೆ ಮೂರು ವರ್ಷವಾಯಿತು. ಅದು ಮತ್ತೆ ಬರುವುದಿಲ್ಲ ಎಂದು ಡಾಕ್ಟರು ಆಗಲೇ ಹೇಳಿದ್ದರು. ಎಡಗಣ್ಣಿಗೆ ಅಪಾಯವಿಲ್ಲ, ಆರು ತಿಂಗಳಿಗೊಮ್ಮೆ ತೋರಿಸುತ್ತಿದ್ದೇನೆ. ಆಗ ನಿನ್ನ ಮದುವೆಗೆ ಐದು ತಿಂಗಳಿತ್ತು. ಹೇಳಿದ್ದರೆ ನೀನು ಮದುವೆಯ ಉಡುಪನ್ನು ಬೇರೆಯವರ ಕೈಯಲ್ಲಿ ಹೊಲಿಸುತ್ತಿದ್ದೆ. ಅದರ ಬೆನ್ನಿನ ಆ ಅರವತ್ತು ಸಣ್ಣ ನೆರಿಗೆಗಳನ್ನು ನಾನು ಒಂದೇ ಕಣ್ಣಿನಲ್ಲಿ, ಫೋನಿನಲ್ಲಿ ನೋಡಿಕೊಂಡು, ಒಂದೊಂದಾಗಿ ಹಿಡಿದೆ. ಬೀರುವಿನಿಂದ ತೆಗೆದು ನೋಡು. ಒಂದೇ ಒಂದು ಡೊಂಕಾಗಿದ್ದರೂ ಹೇಳು, ನಾಳೆಯೇ ಅಂಗಡಿ ಮುಚ್ಚುತ್ತೇನೆ.