ಬೇಕರಿಯ ಖಾಯಂ ಅತಿಥಿ

ಜೂನ್ ೧೪, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಾವೆಲ್ಲ ಕ್ಷೇಮ, ಬ್ರೆಡ್ಡೂ ಕ್ಷೇಮ. ನಿನಗೆ ಉತ್ತರ ಬರೆಯಲು ತಡವಾಯಿತು. ಕೆಲಸ ಜಾಸ್ತಿ ಎಂದು ನೆಪ ಹೇಳೋಣವೆಂದರೆ, ನಾನು ಕೆಲಸವನ್ನೇ ಮಾಡುವವಳಲ್ಲ ಎಂದು ಈಚೆಗೆ ಸರ್ಕಾರಕ್ಕೇ ಹೇಳಿಯಾಗಿದೆ.

ನಿನ್ನ ಮೊದಲ ಪಿಂಚಣಿ ಕೈಗೆ ಬಂತಂತೆ. "ಸಂಬಳದಲ್ಲಿ ಹಿಡೀತಾರೆ, ಹಾಳಾದೋರು" ಎಂದು ಗಿರಣಿಯಲ್ಲಿದ್ದಷ್ಟು ದಿನ ಶಾಪ ಹಾಕಿದ ಬಾಯಲ್ಲೇ ಈಗ ಗುಣಗಾನ! "ಅಂಗಡಿಗೆ ಇನ್ಸ್‌ಪೆಕ್ಟರ್ ಬಂದ್ರೆ ಈ ಸಲ ನಿಜ ಹೇಳು. ಇನ್ನೂ ವಯಸ್ಸಿದೆ, ನಿನ್ನ ಹೆಸರೂ ಸೇರ್ಲಿ" ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದೆಯಲ್ಲ, ಅದರ ವರದಿ ಇದು.

ನಮ್ಮ ಪದ್ಧತಿ ನಿನಗೆ ಗೊತ್ತು. ಪಿಂಚಣಿ ಇಲಾಖೆಯವರು ಬಂದರೆಂದರೆ ನಾನು ಏಪ್ರನ್ ಕಳಚಿ, ಮೊಣಕೈವರೆಗಿನ ಹಿಟ್ಟು ತೊಳೆದು, ಗಲ್ಲಾದ ಪಕ್ಕದ ಕುರ್ಚಿಯಲ್ಲಿ ಗಂಭೀರವಾಗಿ ಕೂರಬೇಕು. ಕೆಲಸದವಳೆಂದರೆ ನನಗೆ ಸಂಬಳ ತೋರಿಸಬೇಕು, ಅದರಲ್ಲಿ ಪಿಂಚಣಿಗೆ ಹಿಡಿಯಬೇಕು, ಮೇಲೆ ಮಾಲೀಕರೂ ಪಾಲು ಸೇರಿಸಬೇಕು. ಮಾಲೀಕರು ಯಾರು? ನನ್ನ ಪತಿದೇವರು. "ಹೆಂಡ್ತಿಗೆ ಯಾರಾದ್ರೂ ಸಂಬಳ ಕೊಡ್ತಾರೇನೆ?" ಎಂದು ನಗುತ್ತಾರೆ. ನಾನೇ ಕೆಲಸ ಕಲಿಸಿದ ಭಟ್ಟಿಯವಳಿಗೆ ಪಿಂಚಣಿ ಉಂಟು. ನಾನು ಮಾತ್ರ ನಸುಕಿಗೇ ಬಂದು ಹಿಟ್ಟು ನಾದುವ ಅತಿಥಿ.

ಮೊನ್ನೆ ಬಂದವಳು ಹೊಸ ಇನ್ಸ್‌ಪೆಕ್ಟರ್, ಇನ್ನೂ ಹುಡುಗಿ. "ಅಮ್ಮಾ, ನೀವೂ ಇಲ್ಲೇ ಕೆಲಸ ಮಾಡ್ತೀರಾ?" ಅಂದಳು. ಇವರು ಕೆಮ್ಮಿದರು. ಅದೆಂಥ ಕೆಮ್ಮು ಅಂತೀ, ಎದುರಿನ ಔಷಧಿಯಂಗಡಿಯವನು ಬಾಟಲಿ ಹಿಡಿದು ಓಡಿಬರಬೇಕು! "ಇಲ್ಲಮ್ಮಾ, ಹೊತ್ತು ಹೋಗ್ಲಿ ಅಂತ ಬಂದು ಕೂರ್ತೀನಿ" ಅಂದುಬಿಟ್ಟೆ. ಕಿವಿಯ ಮೇಲೆ ಹಿಟ್ಟು ಹಾಗೇ ಇತ್ತೆಂದು ಆಮೇಲೆ ಕನ್ನಡಿ ಹೇಳಿತು.

"ಒಳ್ಳೇ ಹೇಳ್ದೆ ಕಣೇ!" ಎಂದು ಇವರು ಬೆನ್ನು ತಟ್ಟಿದರು. ತಟ್ಟಿದ ಜಾಗ ಇನ್ನೂ ಉರಿಯುತ್ತಿದೆ.

ಬೈಯುವುದಿದ್ದರೆ ಬೈದುಬಿಡು. ಆದರೆ ನಿನ್ನ ಪಿಂಚಣಿಯಲ್ಲಿ ನನಗೆ ಹೊಸ ಚಪ್ಪಲಿ ಕೊಡಿಸುವ ಮಾತು ಬೇಡ. ಸುಮ್ಮನೆ ಕೂತವಳ ಚಪ್ಪಲಿ ಸವೆಯುವುದಿಲ್ಲ.

ಮೊಮ್ಮಕ್ಕಳಿಗೆ ಆಶೀರ್ವಾದ. ಅವರು ಯಾವ ಕೆಲಸವನ್ನೇ ಮಾಡಲಿ, ಮಾಡಿದೆ ಎಂದು ಹೇಳುವ ಬಾಯಿ ಅವರಿಗಿರಲಿ.

ನಿನ್ನ,
ತಂಗಿ

ತಾ.ಕ.: ಎಲ್ಲವನ್ನೂ ಕೆಮ್ಮಿನ ತಲೆಗೆ ಕಟ್ಟಲು ನೋಡಿದೆ, ಮನಸ್ಸು ಒಪ್ಪಲಿಲ್ಲ. ಇವರು ಕಾಗದಪತ್ರ ತರಲು ಮಹಡಿಗೆ ಹೋದಾಗ ಗಿರಾಕಿಯೊಬ್ಬರು ಬಂದರು. ಎದ್ದವಳೇ ಬ್ರೆಡ್ ಕತ್ತರಿಸಿ, ಪೊಟ್ಟಣಕ್ಕೆ ಒಂದೇ ಕೈಯಲ್ಲಿ ದಾರ ಸುತ್ತಿ ಕೊಟ್ಟೆ. ನಾನು ಅತಿಥಿ ಎಂಬುದು ಕೈಗೆ ನೆನಪಿರಲಿಲ್ಲ. ಹುಡುಗಿ ನೋಡುತ್ತಲೇ ಇದ್ದಳು. "ಅಮ್ಮಾ, ಈಗ ಅವರಿಲ್ಲ. ಇನ್ನೊಂದ್ಸಲ ಕೇಳ್ಲಾ?" ಅಂದಳು. ಕೆಮ್ಮುವವರು ಯಾರೂ ಇರಲಿಲ್ಲ, ಅಕ್ಕಾ. ಆದರೂ, "ನಾನು ಯಜಮಾನಿ ಕಣಮ್ಮಾ. ಕೆಲಸದವಳ ಥರ ಕಾಣ್ತೀನಾ?" ಅಂದೆ.

ಭಟ್ಟಿಯವಳಿಗೆ ಕೇಳಿಸಿತು. ಹುಡುಗಿ ಹೋದ ಮೇಲೆ ನನ್ನ ಏಪ್ರನ್ ತಂದು ಕೈಗಿಟ್ಟು, "ತಗೊಳ್ಳಿ ಯಜಮಾನಿಯವ್ರೇ, ಹಿಟ್ಟು ಉಬ್ಬಿದೆ" ಅಂದಳು.

ಅಲ್ಲಿಯವರೆಗೂ ನನ್ನನ್ನು ಅಕ್ಕಾ ಅನ್ನುತ್ತಿದ್ದಳು.