ಮೇಯರ್ ಮಾರಾಟಕ್ಕಿದ್ದಾರೆ, ಈಜುಕೊಳ ಮಾರಾಟಕ್ಕಿಲ್ಲ

ಮಾನ್ಯ ಮೇಯರ್ ಸಾಹೇಬರೇ,

ನನ್ನ ಅಂಗಳದಿಂದ ಕೀಳಿಸಿದ ಫಲಕವನ್ನು ದಯಮಾಡಿ ವಾಪಸ್ ಕೊಡಿ. ಅದರ ಮೇಲಿದ್ದದ್ದು ‘ಕೊಳ ಮುಚ್ಚಬೇಡಿ’ ಎಂಬ ಮಾತು ಮಾತ್ರ. ಊರಿನ ಈಜುಕೊಳಕ್ಕೆ ಮಣ್ಣು ತುಂಬಿ ಕಾರು ನಿಲ್ಲಿಸುವ ಜಾಗ ಮಾಡಬೇಕೆಂದು ತಮ್ಮ ಆಸೆ. ಮಂಗಳವಾರ ಕೌನ್ಸಿಲ್ ಮತ ಹಾಕಲಿದೆ. ಅಷ್ಟರೊಳಗೆ ಯಾರೂ ಬಾಯಿ ಬಿಡಬಾರದಲ್ಲ, ಅದಕ್ಕೇ ಊರಿನ ಅಂದದ ಹೆಸರಿನಲ್ಲಿ ಹೊಸ ನಿಯಮ ತಂದಿರಿ: ಮನೆಯಂಗಳದಲ್ಲಿ ಮನೆ ಮಾರಾಟ, ಹಳೆ ಸಾಮಾನಿನ ಮಾರಾಟ, ಕಳೆದುಹೋದ ಸಾಕುಪ್ರಾಣಿ, ಈ ಮೂರರ ಫಲಕ ಬಿಟ್ಟರೆ ಬೇರೇನೂ ಇರಕೂಡದು. ನಾಯಿ ಕಳೆದರೆ ಕೂಗಬಹುದು, ಕೊಳ ಕಳೆದರೆ ಕೂಗಬಾರದು ಎಂದು ಯಾವ ಸಂವಿಧಾನದಲ್ಲಿ ಬರೆದಿದೆ, ಸ್ವಾಮಿ? ನಮ್ಮ ಸಂವಿಧಾನದ ಮೊದಲ ತಿದ್ದುಪಡಿ ಕೊಟ್ಟಿರುವುದೇ ಬಾಯಿಬಿಟ್ಟು ಕೂಗುವ ಹಕ್ಕನ್ನು.

ಚರಿತ್ರೆ ಎಂದರೆ ತಮಗೆ ನಿದ್ದೆ ಬರುತ್ತದೆಂದು ಬಲ್ಲೆ. ಆದರೂ ಕೇಳಿ, ನಗು ಬರುತ್ತದೆ. 1798ರಲ್ಲಿ ನಮ್ಮ ಅಮೆರಿಕದಲ್ಲಿ ಸರ್ಕಾರವನ್ನು ಬೈದವರನ್ನು ಜೈಲಿಗೆ ಹಾಕುವ ಕಾಯ್ದೆ ಬಂತು. ಆಗ ನ್ಯೂಜೆರ್ಸಿಯಲ್ಲಿ ಅಧ್ಯಕ್ಷರ ಸವಾರಿಗೆ ಗೌರವದ ತೋಪು ಹಾರಿಸುತ್ತಿದ್ದರೆ, ಗುಂಡು ಅವರ ಹಿಂಭಾಗಕ್ಕೇ ತಾಗಿದರೂ ನನಗೇನಂತೆ ಎಂದ ಕುಡುಕನೊಬ್ಬನಿಗೆ ದಂಡ ಬಿತ್ತು. ಕಾಯ್ದೆ ಬೇಗನೆ ಸತ್ತಿತು, ಕುಡುಕನ ಮಾತು ಇವತ್ತಿಗೂ ಉಳಿದಿದೆ. ಬಾವುಟಕ್ಕೆ ವಂದಿಸಲೊಲ್ಲದ ಶಾಲೆಯ ಮಕ್ಕಳು 1940ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು, ಮೂರೇ ವರ್ಷಕ್ಕೆ ಅದೇ ಕೋರ್ಟು ತನ್ನ ತಪ್ಪು ತಿದ್ದಿಕೊಂಡಿತು. ಯುದ್ಧ ಬೇಡವೆಂದು ಮನೆಯ ಕಿಟಕಿಗೆ ಫಲಕ ಅಂಟಿಸಿದ ಹೆಂಗಸೊಬ್ಬಳು 1994ರಲ್ಲಿ ಗೆದ್ದಳು. ಆಕೆಯ ಊರಿನ ದೊಡ್ಡವರೂ ಅಂದದ ರಾಗವನ್ನೇ ಹಾಡಿದ್ದರು!

ನಮ್ಮ ಮನೆಯದೂ ಒಂದು ಕಥೆಯಿದೆ. ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಈ ಕೊಳಕ್ಕೆ ಇಳಿಯಲು ನನ್ನ ಅಮ್ಮ ಕೋರ್ಟಿನ ಮೆಟ್ಟಿಲು ಹತ್ತಿದಳು. ಅವಳು ಗೆದ್ದದ್ದಕ್ಕೆ ನಾನು ಇಲ್ಲಿ ಈಜು ಕಲಿತೆ, ಅರ್ಧ ಊರಿಗೆ ಕಲಿಸಿದೆ. ತಾವೂ ನನ್ನ ಶಿಷ್ಯರೇ. ಮೂಗಿಗೆ ನೀರು ಹೋದರೆ ಪಕ್ಕದವರ ಮೇಲೆ ದೂರು ಹೇಳುತ್ತಿದ್ದಿರಿ. ಅಮ್ಮ ಗೆದ್ದ ನೀರಿನ ಮೇಲೆ ಕಾರು ನಿಲ್ಲುವುದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದ ಆಗದು.

ಆದರೆ ನಾನು ಕಾನೂನು ಪಾಲಿಸುವ ಹೆಂಗಸು. ಅದಕ್ಕೇ ಹೊಸ ಫಲಕ ನೆಟ್ಟೆ: ‘ಹಳೆ ಸಾಮಾನಿನ ಮಾರಾಟ. ಮೇಯರ್ ಒಬ್ಬರು, ಹೆಚ್ಚು ಬಳಸಿಲ್ಲ.’ ಪಕ್ಕದ ಮನೆಯ ಗ್ಲಾಡಿಸ್ ತನ್ನ ಅಂಗಳದಲ್ಲಿ ಬರೆದಳು: ‘ಕಳೆದುಹೋಗಿದೆ: ಸಂವಿಧಾನದ ಮೊದಲ ತಿದ್ದುಪಡಿ. ಬಹಳ ವಯಸ್ಸಾಗಿದೆ. ಕರೆದರೆ ಬರುತ್ತದೆ, ಕಚ್ಚುವುದೂ ಉಂಟು.’ ಶನಿವಾರದ ಹೊತ್ತಿಗೆ ಇಡೀ ಬೀದಿಯಲ್ಲಿ ಏನೇನೋ ಕಳೆದುಹೋಗಿತ್ತು.

ಫಲಕ ಕೀಳಲು ತಾವು ಕಳಿಸಿದ ಇನ್ಸ್‌ಪೆಕ್ಟರ್ ಲಾಯ್ಡ್ ಕೂಡ ನನ್ನ ಹಳೆಯ ಶಿಷ್ಯನೇ. ತಲೆ ಕೆರೆದುಕೊಂಡು ನಿಂತ.

“ಟೀಚರ್, ಇದು ನಿಜವಾಗ್ಲೂ ಮಾರಾಟದ ಬೋರ್ಡಾ?”

“ಹೂಂ ಕಣಪ್ಪಾ. ಗಿರಾಕಿ ಬಂದ್ರೆ ಈಗ್ಲೇ ಕೊಟ್ಬಿಡ್ತೀನಿ.”

ಅಷ್ಟರಲ್ಲಿ ಪಕ್ಕದೂರಿನ ಹೆಂಗಸೊಬ್ಬಳು ಟ್ರಕ್ ನಿಲ್ಲಿಸಿ ಕೇಳಿದಳು, “ಈ ಮೇಯರ್ರು ಕೆಲ್ಸ ಮಾಡ್ತಾರೇನ್ರೀ?”

“ಎಲೆಕ್ಷನ್ ಹತ್ರ ಬಂದಾಗ ಸ್ವಲ್ಪ,” ಎಂದಳು ಗ್ಲಾಡಿಸ್.

“ಹಾಗಾದ್ರೆ ಬೇಡ ಬಿಡಿ. ಅಂಥವ್ರು ನಮ್ಮೂರಲ್ಲೇ ಇದಾರೆ.”

ಲಾಯ್ಡ್ ನಕ್ಕು ನಕ್ಕು ಹುಲ್ಲಿನ ಮೇಲೆ ಕೂತುಬಿಟ್ಟ. ನಾವೂ ಕೂತೆವು, ಏಳಲು ಯಾರಿಗೂ ಶಕ್ತಿಯಿರಲಿಲ್ಲ. ಆಮೇಲೆ ಅವನು ಕಣ್ಣೊರೆಸಿಕೊಂಡು ತಮ್ಮ ನಿಯಮವನ್ನು ಮತ್ತೊಮ್ಮೆ ಓದಿದ. ಆ ಮೂರು ಬಗೆಯಲ್ಲಿ ಚುನಾವಣೆಯ ಫಲಕ ಎಲ್ಲೂ ಇರಲಿಲ್ಲ. ಪ್ರಾಮಾಣಿಕ ಹುಡುಗ. ಸಂಜೆಯೊಳಗೆ ಊರಿನ ಅಂಗಳಗಳಲ್ಲಿದ್ದ, ತಮ್ಮ ನಗುಮುಖದ ಫೋಟೋ ಇರುವ ‘ಮತ್ತೊಮ್ಮೆ ಇವರೇ ಮೇಯರ್’ ಫಲಕಗಳನ್ನೆಲ್ಲ ಕಿತ್ತು ತಂದ.

“ಆಫೀಸಿನ ಶೆಡ್ಡು ಕೊಳದ ಬೋರ್ಡಿಂದ ತುಂಬೋಗಿದೆ ಟೀಚರ್. ಇವನ್ನ ನಿಮ್ಮ ಗ್ಯಾರೇಜಲ್ಲಿ ಇಡ್ಲಾ?”

ಈಗ ನಾನು ಕಾರು ತೆಗೆಯಲು ಹೋದಾಗಲೆಲ್ಲ ತಾವು ಸಾಲಾಗಿ ನಿಂತು ಹಲ್ಲು ಕಿರಿಯುತ್ತೀರಿ. ಕಾರು ನಿಲ್ಲಿಸಲು ಜಾಗವಿಲ್ಲದ ಕಷ್ಟ ನನಗೂ ಅರ್ಥವಾಗತೊಡಗಿದೆ.

ಆದ್ದರಿಂದ ಸೋಮವಾರದೊಳಗೆ ಆ ನಿಯಮವನ್ನು ರದ್ದು ಮಾಡಿ, ನನ್ನ ಫಲಕವನ್ನು ಖುದ್ದಾಗಿ ತಂದುಕೊಟ್ಟು ತಮ್ಮವನ್ನು ಒಯ್ಯಿರಿ. ತಮ್ಮದೊಂದನ್ನು ನೆಡಲು ಯಾರೂ ಜಾಗ ಕೊಡದಿದ್ದರೆ ನನ್ನ ಅಂಗಳದಲ್ಲೇ, ನನ್ನದರ ಪಕ್ಕದಲ್ಲೇ, ನಾನೇ ಸುತ್ತಿಗೆ ಹಿಡಿದು ನೆಟ್ಟುಕೊಡುತ್ತೇನೆ. ಯಾರಾದರೂ ಕೀಳಲು ಬಂದರೆ ಅಡ್ಡ ನಿಲ್ಲುವವಳೂ ನಾನೇ. ವೋಟು ಮಾತ್ರ ಕೇಳಬೇಡಿ.

ಇಂತಿ,
ತಮಗೆ ತೇಲುವುದನ್ನು ಕಲಿಸಿದ್ದಕ್ಕೆ ಈಗ ಅನುಭವಿಸುತ್ತಿರುವ
ಒಡೆಸ್ಸಾ ಪ್ರೂಯಿಟ್