ಬಾಯಿ ತೋರಿಸಿ ಮಾತಾಡು

ಮೂವಾಟ್ಟುಪುಳ,
ಆಗಸ್ಟ್ 24, ಗುರುವಾರ

ಪ್ರೀತಿಯ ಸಾಲಿ ಚೇಚಿ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ದೆಹಲಿಯ ಆ ಆಸ್ಪತ್ರೆಯಲ್ಲಿ ಈಗಲೂ ನಿನ್ನ ತಲೆಗೇ ಎರಡೆರಡು ಪಾಳಿ ಕಟ್ಟುತ್ತಾರಾ? ಅಕ್ಕ ತಂಗಿ ಇಬ್ಬರೂ ನರ್ಸ್ ಆದರೆ ಮನೆಯವರನ್ನು ನೋಡಿಕೊಳ್ಳಲು ಯಾರೂ ಇರುವುದಿಲ್ಲ ಎಂದು ಅಮ್ಮಚ್ಚಿ ಬದುಕಿದ್ದಾಗ ಬೈಯುತ್ತಿದ್ದರಲ್ಲ, ಈಗೀಗ ನೆನಪಾಗುತ್ತದೆ. ನಾನು ನಿಂತಲ್ಲೇ ನಿದ್ದೆ ಹೋಗುವಷ್ಟು ದಣಿದಿದ್ದೇನೆ. ನಾಳೆ ರೈಲು ಹತ್ತುವ ಪಕ್ಕದ ಮನೆಯ ಬೇಬಿಚ್ಚನ ಕೈಯಲ್ಲಿ ಇದನ್ನು ಕಳಿಸುತ್ತೇನೆ. ಫೋನಿನಲ್ಲಿ ನೀನು ನನ್ನ ಮಾತು ಮುಗಿಸಲು ಬಿಡುವುದಿಲ್ಲ.

ಅಪ್ಪಚ್ಚನ ವಿಷಯ. ವೆಂಟಿಲೇಟರ್ ತೆಗೆದ ಮೇಲೆ ಚೆನ್ನಾಗಿಯೇ ಇದ್ದರು. ನನ್ನ ಅಪ್ಪ ಎಂದು ನಾನು ಕೆಲಸ ಮಾಡುವ ಐಸಿಯುಗೇ ಹಟ ಹಿಡಿದು ಸೇರಿಸಿಕೊಂಡಿದ್ದೆ, ಗೊತ್ತಲ್ಲ. ಗಂಜಿ ನೀರಾಯಿತು, ಹೆಸರುಕಾಳು ಬೇಯಲಿಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ದೂರು. ಕಿವಿ ಪೂರ್ತಿ ಹೋಗಿದೆ, ಕಿವಿಗೆ ಹಾಕುವ ಯಂತ್ರವನ್ನು ಮಾತ್ರ ಮುಟ್ಟುವುದಿಲ್ಲ. ನಮ್ಮ ತುಟಿ ನೋಡಿಯೇ ತಿಳಿದುಕೊಳ್ಳುತ್ತಾರೆ. "ಕಳ್ಳಿ ಹಂಗೆ ಮುಖ ಮುಚ್ಕೊಂಡು ಏನ್ ಗೊಣಗ್ತೀಯೇ? ಬಾಯಿ ತೋರ್ಸಿ ಮಾತಾಡು!" ಎಂದು ಮಾಸ್ಕ್ ಹಾಕಿದ ನಮ್ಮನ್ನು ದಿನಾ ಗದರುತ್ತಿದ್ದರು. ಶನಿವಾರ ವಾರ್ಡಿಗೆ ಕಳಿಸೋಣ ಎಂದಿದ್ದರು ಡಾಕ್ಟರ್. ಶನಿವಾರ ಬೆಳಿಗ್ಗೆ ಜ್ವರ ಬಂತು, ಸಂಜೆಗೆ ಉಸಿರು ಸಾಲದಾಯಿತು. ಪರೀಕ್ಷೆಯಲ್ಲಿ ಆರ್‌ಎಸ್‌ವಿ ಎಂದು ಬಂತು. ನಮಗಾದರೆ ನಾಲ್ಕು ದಿನ ಮೂಗು ಸೋರಿಸಿ ಹೋಗುವ ವೈರಸ್. ಎಂಬತ್ತು ವರ್ಷದ, ಬೀಡಿ ಸೇದಿ ಸವೆದ ಶ್ವಾಸಕೋಶಕ್ಕೆ ನ್ಯುಮೋನಿಯಾ. ಈಗ ಬಿಗಿಯಾದ ಆಕ್ಸಿಜನ್ ಮಾಸ್ಕಿನೊಳಗೆ ಕಣ್ಣು ಬಿಟ್ಟುಕೊಂಡು ಮಲಗಿದ್ದಾರೆ. ಮತ್ತೆ ವೆಂಟಿಲೇಟರ್ ಹಾಕಬೇಕಾಗಿ ಬಂದರೆ ಈ ಸಲ ತೆಗೆಯುವುದು ಕಷ್ಟ ಎಂದು ಡಾಕ್ಟರ್ ನನ್ನ ಮುಖ ನೋಡದೆಯೇ ಹೇಳಿದರು.

ಒಳಗೆ ಸಂಬಂಧಿಕರನ್ನು ಬಿಡುವುದಿಲ್ಲ. ಹಾಗಾದರೆ ಸೋಂಕು ತಂದವರು ನಮ್ಮಲ್ಲೇ ಯಾರೋ. ಹೆಡ್ ನರ್ಸ್ ಫಿಲೋಮಿನಾ ಮೇಡಂ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. "ನೆಗಡಿ ಇಟ್ಕೊಂಡು ಒಳಗೆ ಬಂದೋರು ಯಾರ್ರೇ?" ಯಾರೂ ಬಾಯಿ ಬಿಡಲಿಲ್ಲ. ಬಿಡುವುದಾದರೂ ಹೇಗೆ? ಒಬ್ಬಳು ರಜೆ ಹಾಕಿದರೆ ಇನ್ನೊಬ್ಬಳು ಎರಡು ಪಾಳಿ ಸಾಯಬೇಕು. ಅದಕ್ಕೇ ಬಸ್ಸಿನಲ್ಲೇ ಪ್ಯಾರಸಿಟಮಾಲ್ ನುಂಗಿ, ಬಾಗಿಲಲ್ಲಿ ಜ್ವರ ನೋಡುವವನಿಗೆ ತಣ್ಣಗಿನ ಹಣೆ ಒಡ್ಡಿ ಒಳಗೆ ಹೋಗುತ್ತೇವೆ. ನೀನೂ ಮಾಡಿದವಳೇ. ಅಷ್ಟರಲ್ಲಿ ನೆಲ ಒರೆಸುವ ಪೊನ್ನಮ್ಮ ಕೆಮ್ಮಿದಳು. ಅದು ಫಿನಾಯಿಲಿನ ಕೆಮ್ಮು, ಹತ್ತು ವರ್ಷದ್ದು, ಎಲ್ಲರಿಗೂ ಗೊತ್ತು. ಆದರೂ ಓಣಂ ಮುಗಿಯುವವರೆಗೆ ಬರಬೇಡ ಎಂದು ಅವಳನ್ನು ಕಳಿಸಿಬಿಟ್ಟರು. "ನಿನ್ನ ಅಪ್ಪಂಗೆ ನಾನೇನೂ ಮಾಡ್ಲಿಲ್ಲ ಮಗಳೇ" ಎಂದು ನನ್ನ ಕೈ ಹಿಡಿದು ಅತ್ತಳು. ನನಗೆ ಸಾಕಾಗಿಹೋಗಿದೆ ಚೇಚಿ.

ಭಾವನಿಗೆ ನನ್ನ ನೆನಪು ಹೇಳು, ಮಕ್ಕಳಿಗೆ ಮುತ್ತು. ಕರ್ತನು ನಿಮ್ಮನ್ನೆಲ್ಲ ಕಾಯಲಿ.

ನಿನ್ನ
ಆನ್ಸಿ

ತಾ.ಕ.: ಅಂಟಿಸಿದ ಲಕೋಟೆಯನ್ನು ಹರಿದು ಬರೆಯುತ್ತಿದ್ದೇನೆ. ಪೊನ್ನಮ್ಮ ಅಲ್ಲ ಚೇಚಿ, ನಾನು. ಕಳೆದ ವಾರ ಸೋಮವಾರವೇ ನನಗೆ ನೆಗಡಿ ಹಿಡಿದಿತ್ತು. ಮಂಗಳವಾರ ಅಪ್ಪಚ್ಚನ ಮುಖದ ಹತ್ತಿರ ಬಾಗಿ, ಮಾಸ್ಕ್ ಇಳಿಸಿ, ಶನಿವಾರ ವಾರ್ಡಿಗೆ ಹೋಗುತ್ತೀರಿ ಎಂದೆ. ಎಷ್ಟು ಖುಷಿಪಟ್ಟರು ಗೊತ್ತಾ. ಈಗಷ್ಟೇ ಮೇಡಂಗೆ ಎಲ್ಲ ಹೇಳಿ ಬಂದೆ. ಪೊನ್ನಮ್ಮನನ್ನು ವಾಪಸ್ ಕರೆಸುತ್ತಾರೆ. ನನ್ನ ಕೆಮ್ಮು ಇನ್ನೂ ಹೋಗಿಲ್ಲ, ಹತ್ತು ದಿನ ನಾನು ಐಸಿಯು ಹೊಸ್ತಿಲು ದಾಟುವಂತಿಲ್ಲ. ಅಪ್ಪಚ್ಚನಿಗೆ ಹತ್ತು ದಿನ ಇದೆಯೋ ಇಲ್ಲವೋ. ನೀನು ಬಂದರೆ ದಿನಕ್ಕೆ ಹತ್ತು ನಿಮಿಷ ಒಳಗೆ ಬಿಡುತ್ತಾರೆ, ಕಾಲು ಹಿಡಿದು ಕೇಳಿಕೊಂಡಿದ್ದೇನೆ. ಬೈಯುವುದನ್ನೆಲ್ಲ ಬಂದು ಬೈ. ನಾನೆಲ್ಲಿ ಹೋದೆ ಎಂದು ಅಪ್ಪಚ್ಚನಿಗೆ ಯಾರೂ ಹೇಳಿಲ್ಲ.